ಕ್ಯಾಂಬೆಲ್ ಗೋಡೆಯ ಮೇಲೆ ನಮ್ಮ ಮುತ್ತಜ್ಜ

ನಾನು ಕ್ಯಾಂಬೆಲ್ ಅಲ್ಲ. ನಮ್ಮ ವಂಶದಲ್ಲಿ ಕ್ಯಾಂಬೆಲ್ ಎಂಬವರು ಯಾರೂ ಇರಲಿಲ್ಲ. ನಾನು ಸುಜಾತಾ ಕಂಬಳಿ. ರಾಣೆಬೆನ್ನೂರಿನ ಕಡೆಯವಳು, ಕುರಿಯ ಉಣ್ಣೆಯಲ್ಲಿ ಕಂಬಳಿ ನೇಯ್ದು ಸಂತೆಯಿಂದ ಸಂತೆಗೆ ಹೊತ್ತು ಮಾರಿದವರ ಮರಿಮಗಳು. ಇದು ನನಗೆ ಬುದ್ಧಿ ಬಂದಾಗಿನಿಂದ ಗೊತ್ತು. ಗೊತ್ತಿದ್ದೇ, ಜೀನ್ ಕ್ಯಾಂಬೆಲ್ ಎಂಬ, ತನ್ನವರು ಯಾರೂ ಇಲ್ಲದ ಹಿರಿಯ ಹೆಂಗಸಿಗೆ ನಾನು ಅವರ ಬಳಗದವಳು ಎಂದು ನಂಬಿಸಿದೆ. ನಂಬಿಸಿ ಅವರ ಮನೆಯಲ್ಲಿ ಇದ್ದೆ. ಅವರು ಮಾಡಿದ್ದನ್ನು ಉಂಡೆ. ನನ್ನ ಮಗಳನ್ನು ಅವರ ತೊಡೆಯ ಮೇಲೆ ಬೆಳೆಸಿದೆ.

ಇದನ್ನು ಇಷ್ಟು ವರ್ಷಗಳ ಮೇಲೆ ಏಕೆ ಬರೆಯುತ್ತಿದ್ದೇನೆ ಎಂಬುದನ್ನು ಕೊನೆಗೆ ಹೇಳುತ್ತೇನೆ. ಮೊದಲು ನಡೆದದ್ದು.

ಆಗ ನನ್ನ ಗಂಡ ಬೇರೆಯಾಗಿ ಟೆಕ್ಸಸ್ಸಿಗೆ ಹೋಗಿದ್ದರು. ಮಗಳು ಅನ್ವಿ ಇನ್ನೂ ಶಾಲೆಗೆ ಸೇರುವ ವಯಸ್ಸಿನವಳಲ್ಲ. ನಾನು ಸೀಯಾಟಲ್ ಹತ್ತಿರ ರೆಡ್ಮಂಡಿನ ಒಂದು ಆಫೀಸಿನಲ್ಲಿ ಸೇತುವೆ, ರೈಲು ನಿಲ್ದಾಣಗಳ ಕಾಂಕ್ರೀಟ್ ಕಂಬಗಳ ಡಿಸೈನ್ ಮಾಡುವ ಇಂಜಿನಿಯರ್. ಸ್ನೊಕ್ವಾಲ್ಮಿಯ ಹಳೆಯ ಪೇಟೆಯಲ್ಲಿ ಒಂದು ಮನೆಯ ಕೆಳಮಹಡಿ ಬಾಡಿಗೆಗೆ ಇದೆ ಎಂದು ಯಾರೋ ಹೇಳಿದರು. ಫೋನ್ ಮಾಡಿದೆ. ದಾರಿಯಲ್ಲಿದ್ದೆ, ಸಿಗ್ನಲ್ ಕಡಿದು ಕಡಿದು ಬರುತ್ತಿತ್ತು. ಮನೆಯೊಡತಿ ಜೀನ್ ನನ್ನ ಹೆಸರು ಕೇಳಿದರು. ಹೇಳಿದೆ.

"ಕ್ಯಾಂಬೆಲ್?" ಅತ್ತಲಿನ ದನಿ ಒಮ್ಮೆಲೇ ಬದಲಾಯಿತು. "ನೀನೂ ಕ್ಯಾಂಬೆಲ್ಲಾ? ಹಾಗಾದ್ರೆ ಈಗಲೇ ಬಾ."

ಅವರ ಕಿವಿಗೆ ಹಾಗೆ ಕೇಳಿಸಿತ್ತು. ಅಲ್ಲಿಯವರೆಗೆ ನನ್ನದೇನೂ ತಪ್ಪಿಲ್ಲ. ಆದರೆ ಬಾಗಿಲು ತೆರೆದು, ನನ್ನನ್ನೂ ನನ್ನ ಸೊಂಟದ ಮೇಲಿದ್ದ ಮಗುವನ್ನೂ ನೋಡಿ ಅವರು ಒಂದು ಕ್ಷಣ ತಬ್ಬಿಬ್ಬಾದಾಗ — ನಾನು ಆಗಲೇ ಹೇಳಬಹುದಿತ್ತು. "ಕ್ಯಾಂಬೆಲ್ ಅಲ್ಲ, ಕಂಬಳಿ" ಅನ್ನುವುದು ಎಷ್ಟು ಹೊತ್ತಿನ ಕೆಲಸ? ಅಷ್ಟರಲ್ಲಿ ಅವರು ಅನ್ವಿಯ ಕೈ ಹಿಡಿದಿದ್ದರು. "ಪ್ರಪಂಚದ ಯಾವ ಮೂಲೆಯಲ್ಲೂ ನಮ್ಮವರು ಇರ್ತಾರೆ" ಎಂದು ನಗುತ್ತಾ ಒಳಗೆ ಕರೆದರು. ಅದಕ್ಕೆ ಮೊದಲು ನಾನು ನೋಡಿದ ಮನೆಗಳವರೆಲ್ಲ ಒಂಟಿ ಹೆಂಗಸು, ಚಿಕ್ಕ ಮಗು ಎಂದು ಏನಾದರೊಂದು ನೆಪ ಹೇಳಿ ಕಳಿಸಿದ್ದರು. ನಾನು ನಕ್ಕು ಒಳಗೆ ಹೋದೆ.

ಆ ಮನೆಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಗೋಡೆ. ಹಜಾರದಿಂದ ಮೆಟ್ಟಿಲ ಉದ್ದಕ್ಕೂ ಕೆಳಗಿನವರೆಗೆ ಚೌಕಟ್ಟು ಹಾಕಿದ ಹಳೆಯ ಚಿತ್ರಗಳು. ತಾಮ್ರದ ತಗಡಿನಿಂದ ಅಚ್ಚು ತೆಗೆದವು, ಕಲ್ಲಚ್ಚಿನವು, ಹಳೆಯ ಪತ್ರಿಕೆಗಳಿಂದ ಕತ್ತರಿಸಿದವು, ಕಂದು ಬಣ್ಣಕ್ಕೆ ತಿರುಗಿದ ಫೋಟೋಗಳು. ಹಡಗಿನ ಕಪ್ತಾನನೊಬ್ಬ. ದೀಪಸ್ತಂಭದ ಕಾವಲಿನವನು. ಮೀನಿನ ಬುಟ್ಟಿ ಹೊತ್ತ ಹೆಂಗಸು. ಕೆನಡಾದ ಹಿಮದಲ್ಲಿ ನಾಯಿಗಳ ಜೊತೆ ನಿಂತ ಪಾದ್ರಿ. ಯಾವುದೋ ಊರಿನ ಬಿಸ್ಕತ್ತು ಅಂಗಡಿಯ ಜಾಹೀರಾತು. ಒಬ್ಬರಿಗೊಬ್ಬರು ಏನೇನೂ ಆಗಬೇಕಾಗಿಲ್ಲ. ಎಲ್ಲರ ಕೆಳಗೂ ಒಂದೇ ಅಡ್ಡಹೆಸರು, ಸ್ಕಾಟ್ಲೆಂಡಿನ ಮನೆತನದ್ದು — ಕ್ಯಾಂಬೆಲ್.

ಇದು ಬರೀ ಹವ್ಯಾಸ ಎಂದುಕೊಂಡಿದ್ದೆ. ಅಲ್ಲ ಎಂದು ಗೊತ್ತಾದದ್ದು ನಾವು ಆ ಮನೆಗೆ ಬಂದು ಸ್ವಲ್ಪ ದಿನಗಳ ಮೇಲೆ. ಜೀನ್ ಹುಟ್ಟಿದ ಕೂಡಲೇ ತಾಯಿ ಬಿಟ್ಟುಹೋಗಿದ್ದರಂತೆ. ಒಂದು ಮನೆಯಿಂದ ಇನ್ನೊಂದು ಮನೆಗೆ, ಸಾಕುವವರ ಕೈಯಿಂದ ಕೈಗೆ ದಾಟಿ ಬೆಳೆದವರು. ಮದುವೆಯಾಗಿ ಗಂಡನೂ ಬೇಗ ತೀರಿಕೊಂಡರು. ಮಕ್ಕಳಿಲ್ಲ. ಊರಿನಲ್ಲಿ ಹೂವಿನ ಅಂಗಡಿ ಇಟ್ಟುಕೊಂಡು ಬದುಕಿದರು. ಹೆತ್ತವರಿಂದ ಅವರಿಗೆ ಬಂದದ್ದು ಹೆಸರು ಮಾತ್ರ.

"ಇವರ್ಯಾರೂ ನನಗೆ ಏನೂ ಆಗಲ್ಲ, ಅದು ಗೊತ್ತು," ಎಂದಿದ್ದರು ಅವರು, ಚೌಕಟ್ಟಿನ ಧೂಳು ಒರೆಸುತ್ತಾ. "ಆದರೆ ಚಿಕ್ಕವಳಿದ್ದಾಗ ಯಾರ ಮನೆಗೆ ಹೋದರೂ ಗೋಡೆ ಮೇಲೆ ಅಜ್ಜ, ಅಜ್ಜಿ, ಚಿಕ್ಕಪ್ಪ. ನನ್ನ ಗೋಡೆನೂ ಖಾಲಿ ಇರಬಾರದು ಅನ್ನಿಸ್ತು, ಅಷ್ಟೇ."

ಇದನ್ನು ಕೇಳಿದ ಮೇಲೂ ನಾನು ಬಾಯಿ ಬಿಡಲಿಲ್ಲ. ಬಿಡದಿದ್ದರೆ ಹೋಗಲಿ —

ಅದೇ ಸಂಜೆ ಅವರು ನನ್ನನ್ನು ಮೆಟ್ಟಿಲ ತಿರುವಿನಲ್ಲಿದ್ದ ಒಂದು ಚಿತ್ರದ ಮುಂದೆ ನಿಲ್ಲಿಸಿದರು. ಕುದುರೆಯ ಮೇಲೆ ಕೂತ ಬಿಳಿ ಅಧಿಕಾರಿ, ಹಿಂದೆ ಬೋಳು ಗುಡ್ಡ, ಅದರ ಮೇಲೊಂದು ಕೋಟೆ. ಕೆಳಗೆ, ಕ್ಯಾಪ್ಟನ್ ಕ್ಯಾಂಬೆಲ್, ದಕ್ಷಿಣ ಇಂಡಿಯಾ, ಎಂದಿತ್ತು.

"ನಿಮ್ಮ ಮನೆತನಕ್ಕೆ ಈ ಹೆಸರು ಹೇಗೆ ಬಂತು ಅಂತ ಯೋಚನೆ ಮಾಡ್ತಾ ಇದ್ದೆ," ಎಂದರು ಜೀನ್. "ಇವನಿಂದಲೇ ಇರಬಹುದಾ?"

ನಾನು ಆ ಗುಡ್ಡವನ್ನೇ ನೋಡುತ್ತಾ ಹೇಳಿದೆ: "ಇರಬಹುದು."

ಅಷ್ಟೇ. ಒಂದೇ ಮಾತು. ಆಮೇಲೆ ಆ ಮಾತಿಗೆ ಕೈಕಾಲು ಮೂಡಿಸಿದ್ದೂ ನಾನೇ. ಮನೆಯಲ್ಲಿ ಹಿರಿಯರು ಯಾವುದೋ ದೊರೆಯ ಸುದ್ದಿ ಹೇಳುತ್ತಿದ್ದರು ಎಂದೆ. ಮುತ್ತಜ್ಜನ ಕಣ್ಣು ಸ್ವಲ್ಪ ಬೆಕ್ಕಿನ ಕಣ್ಣಿನ ಹಾಗಿತ್ತಂತೆ ಎಂದೆ. ಕೇಳುತ್ತಾ ಕೇಳುತ್ತಾ ಜೀನ್ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಅವರ ಕೆನ್ನೆ ಒದ್ದೆಯಾಗಿತ್ತು. ಗೋಡೆಯ ಮೇಲಿನವರಲ್ಲದೆ, ಮಾತಾಡುವ, ಉಣ್ಣುವ, ಅದೇ ಮನೆಯ ಕೆಳಮಹಡಿಯಲ್ಲಿ ಮಲಗುವ ಒಬ್ಬ ಸಂಬಂಧಿ ಅವರಿಗೆ ಸಿಕ್ಕಿದ್ದಳು. ಅವತ್ತಿನಿಂದ ಅವರು ನನ್ನನ್ನು ಕಸಿನ್ ಎಂದೇ ಕರೆದರು.

ಬಾಡಿಗೆ ಮನೆಗಾಗಿ ಹೀಗೆ ಮಾಡಿದೆ ಎಂದರೆ ಅರ್ಧ ಸತ್ಯವಾಗುತ್ತದೆ. ಮನೆ ಆಗಲೇ ಸಿಕ್ಕಿತ್ತು. ನನಗೆ ಆ ಕಥೆ ಹಿತವಾಗಿತ್ತು — ಅದೇ ನಿಜ. ಹುಬ್ಬಳ್ಳಿಯ ಕಾಲೇಜಿನಲ್ಲಿ ಹಾಜರಿ ಕೂಗುವಾಗ ನನ್ನ ಅಡ್ಡಹೆಸರು ಬಂದರೆ ಹಿಂದಿನ ಬೆಂಚಿನವರು ಕುರಿಯ ಹಾಗೆ ಕೂಗುತ್ತಿದ್ದರು. ಆಗ ನುಂಗಿದ ನಾಚಿಕೆ ಹೊಟ್ಟೆಯಲ್ಲೇ ಉಳಿದಿತ್ತು. ಸೀಯಾಟಲ್ಲಿನಲ್ಲಿ ಯಾರಿಗೂ ಕಂಬಳಿ ಎಂದರೆ ಏನೆಂದು ಗೊತ್ತಿಲ್ಲ. ಆದರೂ ಕುದುರೆಯ ಮೇಲಿನ ಕ್ಯಾಪ್ಟನ್ ನನಗೆ ಬೇಕಾದ. ಕೂಗಿದವರ ಮೇಲೆ ತಪ್ಪು ಹೊರಿಸಲು ಇದನ್ನು ಹೇಳುತ್ತಿಲ್ಲ. ಅವರು ನನ್ನನ್ನು ಅಣಕಿಸಿದರು. ನಮ್ಮ ಹಿರಿಯರನ್ನು ಅಳಿಸಿದವಳು ನಾನು.

ಕೆಲವು ತಿಂಗಳ ಮೇಲೆ ಜೀನ್ ನಮ್ಮ ಮನೆತನದ ಒಂದು ಚಿತ್ರ ಕೇಳಿದರು. ರಾಣೆಬೆನ್ನೂರಿನಲ್ಲಿರುವ ಅಣ್ಣನಿಗೆ ಫೋನ್ ಮಾಡಿ, ಅಪ್ಪನ ಕೋಣೆಯಲ್ಲಿರುವ ಮುತ್ತಜ್ಜನ ಫೋಟೋ ಕಳಿಸು ಎಂದೆ. ಯಾಕೆ ಎಂದ. ಅನ್ವಿಗೆ ತೋರಿಸಲು ಎಂದೆ. ಸ್ಟೂಡಿಯೋದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ ಮುತ್ತಜ್ಜ, ತಲೆಗೆ ರುಮಾಲು, ಹೆಗಲ ಮೇಲೆ ತಾನೇ ನೇಯ್ದ ಕರಿ ಕಂಬಳಿ. ಜೀನ್ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಚಪ್ಪಾಳೆ ಹೊಡೆಯುವುದೊಂದು ಬಾಕಿ.

"ನೋಡು, ನೋಡು! ಹೆಗಲ ಮೇಲೆ ಪ್ಲೇಡ್! ಸ್ಕಾಟ್ಲೆಂಡಿನವರು ಉಣ್ಣೆ ಶಾಲು ಹೊದೆಯೋದೂ ಥೇಟ್ ಹೀಗೇ. ಅಷ್ಟು ದೂರ ಹೋದರೂ ಬಿಟ್ಟಿಲ್ಲ ನೋಡು!"

ಆ ಕಂಬಳಿಯೇ ನನ್ನ ಸುಳ್ಳಿಗೆ ಸಾಕ್ಷಿಯಾಯಿತು. ಮುತ್ತಜ್ಜ ಕ್ಯಾಪ್ಟನ್ನನ ಪಕ್ಕಕ್ಕೆ ಗೋಡೆ ಹತ್ತಿದ.

ಇನ್ನು ಆ ಮನೆಯಲ್ಲಿ ನಾವು ಪಡೆದದ್ದು. ಅದನ್ನು ಹೇಳದಿದ್ದರೆ ನಾನು ಮಾಡಿದ್ದು ಎಷ್ಟು ದೊಡ್ಡದು ಎಂಬುದು ತಿಳಿಯುವುದಿಲ್ಲ. ಕಾಡಿಗೆ ಬೆಂಕಿ ಬಿದ್ದು ಊರೆಲ್ಲ ಹೊಗೆ ತುಂಬಿದ ಬೇಸಿಗೆಯಲ್ಲಿ ಅನ್ವಿಗೆ ಉಸಿರಾಟದ ತೊಂದರೆಯಾಯಿತು. ನಾನು ಸೈಟಿನಲ್ಲಿದ್ದೆ, ಫೋನ್ ಎತ್ತಿರಲಿಲ್ಲ. ಜೀನ್ ಅವಳನ್ನು ಕಾರಿಗೆ ಹಾಕಿಕೊಂಡು, ಮಂಡಿನೋವಿನ ಕಾಲಿನಲ್ಲೇ ಡ್ರೈವ್ ಮಾಡಿ ಆಸ್ಪತ್ರೆಗೆ ಸೇರಿಸಿದ್ದರು. ನಾನು ಓಡಿ ಹೋದಾಗ ಮಗು ಅವರ ಎದೆಗೊರಗಿ ನಿದ್ದೆ ಮಾಡುತ್ತಿತ್ತು. ಹಿಮ ಬಿದ್ದ ದಾರಿಯಲ್ಲಿ ಹೆದರದೆ ಕಾರು ಓಡಿಸಲು ಕಲಿಸಿದವರು ಅವರು. ನನ್ನ ಡೈವೋರ್ಸಿನ ಕಾಗದ ಬಂದ ದಿನ ಒಂದು ಪ್ರಶ್ನೆಯನ್ನೂ ಕೇಳದೆ, ನಾನು ಮಾಡುವುದನ್ನು ನೋಡಿ ಕಲಿತಿದ್ದ ಉಪ್ಪಿಟ್ಟನ್ನು ಮಾಡಿ ತಟ್ಟೆ ಮುಂದಿಟ್ಟವರೂ ಅವರೇ. ಉಪ್ಪು ಮರೆತಿದ್ದರು. ಅಷ್ಟು ರುಚಿಯಾದ ಉಪ್ಪಿಟ್ಟು ನಾನು ತಿಂದಿಲ್ಲ.

ಅನ್ವಿ ಒಂದನೇ ಕ್ಲಾಸು ಮುಗಿಸಿದ ವರ್ಷ ಅಪ್ಪ ಬಂದರು. ಅಪ್ಪ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದವರು. ಅವರು ಬರುವ ಮೊದಲು ಮುತ್ತಜ್ಜನ ಚಿತ್ರವನ್ನು ಗೋಡೆಯಿಂದ ತೆಗೆಸಬೇಕೆಂದು ನಾನು ಒದ್ದಾಡುತ್ತಿದ್ದೆ. ನನ್ನ ಅದೃಷ್ಟ ಎಂದುಕೊಂಡೆ — ಜೀನ್ ತಾವಾಗಿಯೇ ಎಲ್ಲ ಚಿತ್ರಗಳನ್ನೂ ಇಳಿಸಿ, ಊರಿನ ಸಮುದಾಯ ಭವನದಲ್ಲಿ ಪ್ರದರ್ಶನಕ್ಕೆ ಕೊಟ್ಟಿದ್ದರು. ಆದರೆ ಅಪ್ಪ ಬಂದದ್ದೇ ಜೀನ್, "ನಿಮ್ಮನ್ನ ಅಲ್ಲಿಗೆ ಕರೆದುಕೊಂಡು ಹೋಗದೆ ಬಿಡ್ತೀನಾ?" ಎಂದರು. ನಾನು ಏನೇನೋ ನೆಪ ತೆಗೆದೆ. ಅಪ್ಪನೇ ಕೇಳಲಿಲ್ಲ. "ಹಳೇ ಅಚ್ಚಿನ ಚಿತ್ರ ಅಂದ್ರ ನಾ ಬಿಡ್ತೀನೇನು? ನಡೀ."

ಅಪ್ಪ ಒಂದೊಂದು ಚಿತ್ರದ ಹತ್ತಿರವೂ ಕನ್ನಡಕ ಏರಿಸಿ ನಿಂತರು. "ಗೆರಿ ನೋಡ್ ಗೆರಿ, ಎಷ್ಟ್ ಸಣ್ಣ ತಗದಾನ" ಎಂದು ಖುಷಿಪಟ್ಟರು. ನಾನು ಅವರ ಹಿಂದೆ ಹಿಂದೆ ನಡೆದೆ. ಕುದುರೆಯ ಕ್ಯಾಪ್ಟನ್ನನನ್ನು ದಾಟಿ ಪಕ್ಕದ ಚಿತ್ರದ ಮುಂದೆ ಅವರು ನಿಂತರು. ಚಿತ್ರದ ಕೆಳಗೆ ಜೀನ್ ಇಂಗ್ಲಿಷಿನಲ್ಲಿ ಬರೆಸಿದ್ದನ್ನು ನಿಧಾನವಾಗಿ, ತುಟಿ ಅಲ್ಲಾಡಿಸುತ್ತಾ ಓದಿದರು: ಇಂಡಿಯಾದ ಕ್ಯಾಂಬೆಲ್. ಸ್ಕಾಟಿಶ್ ಅಧಿಕಾರಿ ಮತ್ತು ಸ್ಥಳೀಯ ಹೆಂಗಸೊಬ್ಬಳ ಮೊಮ್ಮಗನೆಂದು ಮನೆತನದವರ ನಂಬಿಕೆ.

"ಸುಜಿ, ಇದು ನಮ್ಮ ಅಜ್ಜ ಅಲ್ಲೇನವ್ವಾ?" ಅಪ್ಪನ ದನಿ ತೀರ ಮೆಲ್ಲಗಿತ್ತು.

"ಹೌದಪ್ಪಾ."

"ಏನ್ ಬರದಾರ ಇದು?"

ಅಪ್ಪ ಆ ಸಾಲಿನ ಮೇಲೆ ಬೆರಳಿಟ್ಟರು.

"ಸ್ಥಳೀಯ ಹೆಂಗಸು ಅಂದ್ರ ಯಾರು? ನಮ್ಮ ಅಜ್ಜಾನ ಅಜ್ಜಿ ಕರೆವ್ವ. ಗಂಡ ಸತ್ತ ಮ್ಯಾಲ ಕುರಿ ಕಾದು, ನೂಲು ತಗದು, ಒಬ್ಬಾಕೀನ ಮಕ್ಕಳನ್ನ ಸಾಕಿದಾಕಿ. ಆಕೀಗೆ ಈ ಸಾಹೇಬನ್ನ ಯಾರು ತಂದು ಗಂಟ ಹಾಕಿದವ್ರು? ನೀನೇನು?"

ಕರೆವ್ವ ಎಂಬ ಹೆಸರನ್ನು ನಾನು ಅವತ್ತೇ ಮೊದಲ ಸಲ ಕೇಳಿದ್ದು. ಇಲ್ಲದ ದೊರೆಗೆ ಬಣ್ಣ ಬಣ್ಣದ ಕಥೆ ಕಟ್ಟಿದವಳಿಗೆ, ಇದ್ದ ಅಜ್ಜಿಯ ಹೆಸರು ಗೊತ್ತಿರಲಿಲ್ಲ.

"ಕಂಬಳಿ ನೇಯೂದು ಅಷ್ಟು ನಾಚಿಕಿ ಆತೇನವ್ವಾ ನಿನಗ?"

ಆಗಲೇ ಜೀನ್ ಊರಿನ ನಾಲ್ಕಾರು ಜನರನ್ನು ಕರೆದುಕೊಂಡು ಬಂದರು. "ಇವರೇ ನನ್ನ ಇಂಡಿಯಾದ ಕಸಿನ್" ಎಂದು ಅಪ್ಪನ ತೋಳು ಹಿಡಿದು ಪರಿಚಯ ಮಾಡಿಸಿದರು. ಅವರ ಮುಖದಲ್ಲಿ ಇದ್ದ ಸಂತೋಷ — ಅದನ್ನು ಅಪ್ಪನೂ ನೋಡಿದರು. ನನ್ನ ಕಡೆ ಒಮ್ಮೆ ತಿರುಗಿ, ಆಮೇಲೆ ಎಲ್ಲರಿಗೂ ಕೈ ಮುಗಿದು ಸುಮ್ಮನೆ ನಿಂತರು. ತನ್ನ ಅಜ್ಜನ ಚಿತ್ರದ ಮುಂದೆ, ತನ್ನದಲ್ಲದ ಹೆಸರು ಹೊತ್ತುಕೊಂಡು ಅವರು ಹಾಗೆ ನಿಂತದ್ದು ನನಗೋಸ್ಕರ. ಅದನ್ನು ಮರೆಯಲಾರೆ.

ಮನೆಗೆ ಬಂದ ಮೇಲೆ ಅಪ್ಪ ಬೈಯಲಿಲ್ಲ. "ಆ ಹೆಣ್ಮಗಳು ಭಾಳ ಛಲೋ ಅದಾಳ. ನಾ ಹೇಳೂದಿಲ್ಲ. ನೀನ ಹೇಳಬೇಕು" ಎಂದರು, ಅಷ್ಟೇ. ಇದ್ದಷ್ಟು ದಿನವೂ ಜೀನ್ ಅವರ ಹಿತ್ತಲಿನ ಗುಲಾಬಿ ಗಿಡಗಳ ಚಿತ್ರ ಬರೆದುಕೊಡುತ್ತಾ ಕಾಲ ಕಳೆದರು. ವಿಮಾನ ಹತ್ತುವ ಮುಂಚೆ ನನ್ನ ತಲೆಯ ಮೇಲೆ ಕೈಯಿಟ್ಟರು. ಮತ್ತೆ ಆ ಮಾತು ಎತ್ತಲಿಲ್ಲ.

ನಾನು ಆಗಲೂ ಹೇಳಲಿಲ್ಲ. ನಾಳೆ, ನಾಡಿದ್ದು ಎನ್ನುತ್ತಾ ಬೇಸಿಗೆ ಕಳೆದು ಎಲೆ ಉದುರುವ ಕಾಲ ಬಂತು. ಒಂದು ಬೆಳಗ್ಗೆ ಕಾಫಿ ಕುಡಿಯುವಾಗ ಜೀನ್ ತಾವೇ ಮಾತು ತೆಗೆದರು. ವಕೀಲರನ್ನು ನೋಡಿ ಬಂದಿದ್ದರಂತೆ. "ನಾನು ಹೋದ ಮೇಲೆ ಈ ಚಿತ್ರಗಳೆಲ್ಲ ಅನ್ವಿಗೆ. ಕ್ಯಾಂಬೆಲ್‌ಗಳು ಕ್ಯಾಂಬೆಲ್ ಹತ್ತಿರಾನೇ ಇರಲಿ. ಇಷ್ಟು ದಿನ ಯಾರಿಗೆ ಕೊಡೋದು ಅನ್ನೋದೇ ಒಂದು ಚಿಂತೆಯಾಗಿತ್ತು."

ಕಪ್ಪು ಕೆಳಗಿಟ್ಟೆ. "ಜೀನ್, ನಾವು ಕ್ಯಾಂಬೆಲ್ ಅಲ್ಲ" ಎಂದೆ. ಎಲ್ಲ ಹೇಳಿದೆ. ಕಂಬಳಿ ಎಂದರೇನು, ಮುತ್ತಜ್ಜನ ಹೆಗಲ ಮೇಲಿದ್ದದ್ದು ಏನು, ಕರೆವ್ವ ಯಾರು. ಮುಗಿದ ಮೇಲೆ ಜೀನ್ ಕೇಳಿದರು:

"ಫೋನಿನಲ್ಲಿ ನಾನೇ ತಪ್ಪು ಕೇಳಿಸಿಕೊಂಡೆನಾ?"

"ಅವತ್ತು ಹೌದು. ಆಮೇಲಿನದೆಲ್ಲ ನಾನು."

"ನನಗೆ ಯಾರೂ ಇಲ್ಲ ಅಂತ ನಿನಗೆ ಗೊತ್ತಿತ್ತು."

"ಗೊತ್ತಿತ್ತು."

ಅವರು ಎದ್ದು ಹೋದರು. ಸ್ವಲ್ಪ ಹೊತ್ತಿಗೆ ಮುತ್ತಜ್ಜನ ಚಿತ್ರವನ್ನು ಮೆತ್ತನೆಯ ಟವೆಲಿನಲ್ಲಿ ಸುತ್ತಿ ತಂದು ನನ್ನ ಕೈಗಿಟ್ಟರು. "ಇವರನ್ನ ನಿನ್ನ ಮನೆಗೆ ಕರೆದುಕೊಂಡು ಹೋಗು. ಇಲ್ಲಿ ಇವರಿಗೆ ಅವಮಾನ ಆಯ್ತು." ತಮಗಾದದ್ದನ್ನು ಹೇಳಲಿಲ್ಲ.

ಬೇರೆ ಮನೆ ಸಿಗುವವರೆಗೆ ಇರು ಎಂದರು. ಲಿನ್‌ವುಡ್‌ನಲ್ಲಿ ಒಂದು ಅಪಾರ್ಟ್‌ಮೆಂಟ್ ಸಿಗುವವರೆಗೂ ಜೀನ್ ಪ್ರತಿದಿನ ಅನ್ವಿಯನ್ನು ಎಂದಿನಂತೆ ಶಾಲೆಗೆ ಬಿಟ್ಟು, ಎಂದಿನಂತೆ ಕರೆತಂದರು. ಮಗುವಿನ ಮುಂದೆ ಅವಳ ತಾಯಿಯ ಬಗ್ಗೆ ಒಂದು ಕೆಟ್ಟ ಮಾತು ಅವರ ಬಾಯಿಂದ ಬರಲಿಲ್ಲ. ನನ್ನ ಜೊತೆ ಮಾತ್ರ ಬೇಕಾದಷ್ಟೇ ಮಾತು. ಸಾಮಾನು ಸಾಗಿಸಿದ ದಿನ ಅವರು ಹಿತ್ತಲಿನಲ್ಲಿದ್ದರು, ಬೆನ್ನು ತಿರುಗಿಸಿ. ನಾನು ಹೋಗಿ ಬರುತ್ತೇನೆ ಎಂದಾಗ ತಲೆಯಾಡಿಸಿದರು.

ಅನ್ವಿಗೆ ನಿಜ ಹೇಳಿದ್ದು ಹೊಸ ಮನೆಯಲ್ಲಿ. ಅವಳು ಅತ್ತಳು. ಅವಳು ಮಾತಾಡುವುದು ಇಂಗ್ಲಿಷಿನಲ್ಲೇ — "ಹಾಗಾದ್ರೆ ಜೀನ್ ನನ್ನ ಆಂಟಿ ಅಲ್ವಾ?" ಎಂದು ಕೇಳಿದಳು. ಅವಳೇ ನನ್ನ ಫೋನ್ ತೆಗೆದುಕೊಂಡು ಜೀನ್‌ಗೆ ಕಾಲ್ ಮಾಡಿದಳು. ಇನ್ನು ಮೇಲೂ ಆಂಟಿ ಅನ್ನಬಹುದಾ ಎಂದು ನೇರವಾಗಿ ಕೇಳಿದಳು. ಸ್ಪೀಕರಿನಲ್ಲಿ ಜೀನ್ ದನಿ: "ಅನ್ನು ಮರಿ. ಅದು ನಿನಗೂ ನನಗೂ ಬಿಟ್ಟಿದ್ದು."

ಆವತ್ತಿನಿಂದ ತಿಂಗಳಿಗೊಮ್ಮೆ ಶನಿವಾರ ಅನ್ವಿಯನ್ನು ಸ್ನೊಕ್ವಾಲ್ಮಿಗೆ ಬಿಟ್ಟು ಬರುತ್ತೇನೆ. ಮೊದಮೊದಲು ನಾನು ಕಾರಿನಿಂದ ಇಳಿಯುತ್ತಿರಲಿಲ್ಲ. ಒಂದು ಸಲ ಜೋರು ಚಳಿ. ಜೀನ್ ಬಾಗಿಲಲ್ಲಿ ನಿಂತು, "ಒಳಗೆ ಬಾ, ಸುಜಾತಾ" ಎಂದರು. ಅಷ್ಟು ವರ್ಷಗಳಲ್ಲಿ ಅವರ ಬಾಯಲ್ಲಿ ನನ್ನ ಹೆಸರು ಕೇಳಿದ್ದು ಅದೇ ಮೊದಲು. ಕಸಿನ್ ಎಂದು ಅವರು ಮತ್ತೆಂದೂ ಕರೆದಿಲ್ಲ. ಕರೆಯುವುದೂ ಇಲ್ಲ. ಈಗ ಹೋದರೆ ಕಾಫಿ ಕೊಡುತ್ತಾರೆ, ಮಂಡಿನೋವಿನ ವಿಚಾರ ಹೇಳುತ್ತಾರೆ, ಅಪ್ಪನ ಆರೋಗ್ಯ ಕೇಳುತ್ತಾರೆ. ನಾನು ಕಳೆದದ್ದು ಎಷ್ಟು, ಉಳಿದದ್ದು ಎಷ್ಟು ಎಂದು ನನಗೆ ಗೊತ್ತು. ಉಳಿದದ್ದಕ್ಕೆ ನನ್ನ ಯೋಗ್ಯತೆ ಕಾರಣವಲ್ಲ, ಅವರ ದೊಡ್ಡತನ.

ಇನ್ನು, ಈಗ ಏಕೆ ಬರೆದೆ ಎಂಬುದು. ಕಳೆದ ತಿಂಗಳು ಸ್ನೊಕ್ವಾಲ್ಮಿಯ ಸಮುದಾಯ ಭವನ ನೋಡಿಕೊಳ್ಳುವ ಹೆಂಗಸು ದಾರಿಯಲ್ಲಿ ಸಿಕ್ಕರು. ಜೀನ್ ಅವರ ಚಿತ್ರಗಳನ್ನು ಮತ್ತೆ ಪ್ರದರ್ಶನಕ್ಕೆ ಇಡುತ್ತಾರಂತೆ. ಮಾತಿನ ನಡುವೆ ಅವರು ನಗುತ್ತಾ ಹೇಳಿದರು: "ಹಿಂದಿನ ಸಲ ಪಾಪ, ಜೀನ್ ನಿಮ್ಮ ಹೆಸರನ್ನ ತಪ್ಪು ತಿಳಿದುಕೊಂಡು ಏನೇನೋ ಬರೆದುಬಿಟ್ಟಿದ್ದರಲ್ಲ. ಆಮೇಲೆ ಮನೆಮನೆಗೆ ಹೋಗಿ, ನನ್ನದೇ ತಪ್ಪು, ವಯಸ್ಸಾಯ್ತು, ಕಥೆ ಕಟ್ಟಿಕೊಂಡುಬಿಟ್ಟೆ ಅಂತ ಹೇಳಿ ಬಂದರು."

ನಾನು ರಸ್ತೆಯ ಬದಿಯಲ್ಲೇ ನಿಂತುಬಿಟ್ಟೆ. ಆ ಊರಿನ ಕಣ್ಣಿನಲ್ಲಿ ಅವರು ಇಷ್ಟು ದಿನ ನೆನಪು ಕೆಟ್ಟ, ಸಂಬಂಧಕ್ಕಾಗಿ ಹಂಬಲಿಸಿ ಕಥೆ ಕಟ್ಟಿದ ಮುದುಕಿ. ನಾನು ಏನೂ ಅರಿಯದ ಬಾಡಿಗೆಯವಳು. ನನ್ನ ಮಾನ ಉಳಿಸಲು ಅವರು ತಮ್ಮ ಮಾನ ಕೊಟ್ಟರು. ನನಗೆ ತಿಳಿಸಲೂ ಇಲ್ಲ.

ಜೀನ್ ಕಥೆ ಕಟ್ಟಲಿಲ್ಲ. ಅವರ ನೆನಪು ಚೆನ್ನಾಗಿದೆ, ಬುದ್ಧಿ ಚೆನ್ನಾಗಿದೆ. ಕಥೆ ಕಟ್ಟಿದವಳು ನಾನು. ಇದನ್ನು ನಾನು ಮೊದಲು ನನ್ನ ಭಾಷೆಯಲ್ಲಿ, ನನ್ನವರ ಮುಂದೆ ಬರೆದಿದ್ದೇನೆ. ಅಪ್ಪನಿಗೆ ಓದಿ ಹೇಳಿದ್ದೇನೆ. ಬರುವ ಶನಿವಾರ ಪ್ರದರ್ಶನ ಶುರುವಾಗುತ್ತದೆ. ಊರವರೆಲ್ಲ ಸೇರಿರುತ್ತಾರೆ, ಅನ್ವಿಯೂ ಇರುತ್ತಾಳೆ. ನಾನು ಎದ್ದು ನಿಂತು ಇದನ್ನೇ ಇಂಗ್ಲಿಷಿನಲ್ಲಿ ಹೇಳುತ್ತೇನೆ. ಜೀನ್ ಬೇಡ ಎನ್ನಬಹುದು. ಅವರ ಮಾತನ್ನು ಆ ಒಂದು ದಿನ ಮೀರುತ್ತೇನೆ.